ಮಾಬೂಬಿ ಅವ್ವನ ರೇಡಿಯೋ

ಕಾಲೇಜು ಅರ್ಧಕ್ಕ ಬಿಟ್ಟು ಇಂಡಿ ಪ್ಯಾಟ್ಯಾಗ ರೇಡಿಯೋ ರಿಪೇರಿ ಮಾಡ್ಕೊಂಡಿದ್ದೆ. ಒಂದಿನ ಬ್ಯಾಸಿಗಿ ಮಧ್ಯಾಹ್ನ ಅಗರಖೇಡದ ಮಾಬೂಬಿ ಅವ್ವನ ಕಣಕ್ಕ ಹೋಗಿ, ಸತ್ತಂಗಿದ್ದ ಆಕಿ ರೇಡಿಯೋ ಬಾಯಿ ಬಿಡಿಸಿದೆ. ಹವಾಮಾನ ವರದಿ ಬರಾಕತ್ತಿತ್ತು: "ಕೆಲವು ಕಡೆ ಗುಡುಗು ಸಹಿತ ಮಳೆ ಸಂಭವ."

"ಕೆಲವು ಕಡೆ ಅಂದ್ರ ಯಾವ ಕಡೆನೋ?" ಅಂದ್ಳು. ವರ್ಷದ ಜ್ವಾಳದ ರಾಶಿ ಬಯಲಾಗ ಬಿದ್ದಿತ್ತು.

"ಅದು ಅವರಿಗೂ ಗೊತ್ತಿಲ್ಲವ್ವಾ. ಬಿಸಿಲು ನೋಡು, ಮಳಿ ಎಲ್ಲಿಂದ ಬರ್ತೈತಿ?" ಅಂತ ಶಾಣ್ಯಾತನ ತೋರಿಸಿ ಸೈಕಲ್ ಹಿಡದೆ. ಅಷ್ಟ್ರಾಗ ರೇಡಿಯೋ ಕರಕರ ಅನ್ನಾಕತ್ತು. ಮಾನ ಹೋತಲ್ಲಪಾ ಅಂತ ತಿರುಗಿ ಬಂದು ಅದಕ್ಕೊಂದು ಬಾರಿಸಿದೆ.

"ಏ ಹುಚ್ಚಪ್ಯಾಲಿ, ಅದನ್ನ್ಯಾಕ ಬಡೀತಿ? ಹೋದ ವರ್ಷ ಆಣಿಕಲ್ಲು ಬೀಳೂ ಮುಂದ ಹಿಂಗ ಅಂದಿತ್ತು. ಮಾತಾಡಾಂವ ಧಾರವಾಡದಾಗ ಕುಂತಾನ, ಈ ಕರಕರ ಅನ್ನಿಸೂ ಸಿಡಿಲು ಇಲ್ಲೇ ಬಾಜೂಕ ಕುಂತೈತಿ. ಹಿಡಿ ತಾಡಪತ್ರಿ!"

ರಾಶಿ ಮುಚ್ಚಿ, ಅಂಚಿಗೆ ಕಲ್ಲು ಹೇರೂದ್ರಾಗ ಪಡುವಣ ಕಡೆ ಕಪ್ಪಾಗಿ, ಗಾಳಿ ಎದ್ದು, ಆಣಿಕಲ್ಲು ಸುರದ್ವು. ಇಬ್ಬರೂ ಚಕ್ಕಡಿ ಕೆಳಗ ಹೊಕ್ಕೊಂಡ್ವಿ.

ಜ್ವಾಳ ತೊಯ್ಲಿಲ್ಲ. ನನ್ನ ಸೈಕಲ್ಲಿನ ದೀಪ ಮಾತ್ರ ಪುಡಿಪುಡಿ ಆಗಿತ್ತು. ಆಕಿ ತಡೀದಿದ್ರ ಬಟಾಬಯಲಾಗ ಆ ದೀಪದ ಹಿಂದ ನಾನೂ ಇರ್ತಿದ್ದೆ.

ಆಕಿ ಹೊಟ್ಟಿ ತಣ್ಣಗಿರಲಿ. ಕೆಟ್ಟ ರೇಡಿಯೋಕ್ಕ ಹಾಕೂ ಸಾಮಾನೆಲ್ಲಾ ಇಂಡಿ ಬಜಾರದಾಗ ಸಿಗ್ತಿತ್ತು, ಒಡದ ನನ್ನ ತಲಿಗೆ ಹಾಕೂ ಸಾಮಾನು ಸಿಗ್ತಿರಲಿಲ್ಲ.