ಕಪಾಟಿನಿಂದ ಕಾಣೆಯಾದ ಪೊರಕೆ

ನಗರಸಭೆಗೆ ಪೊರಕೆ ಒದಗಿಸುವ ಟೆಂಡರ್ ಗೆದ್ದ ದಿನವೇ ನಮ್ಮ ಓಣಿಯ ಪೊರಕೆ ಕಟ್ಟುವವನಿಗೆ ‘ಚಕ್ರವರ್ತಿ’ ಎಂಬ ಬಿರುದು ಅಂಟಿಕೊಂಡಿತು. ಕೊಟ್ಟವಳು ಹೆಂಡತಿ. ಅದರಲ್ಲಿ ಗೌರವವೆಷ್ಟು, ಗೇಲಿಯೆಷ್ಟು ಎಂದು ಚಕ್ರವರ್ತಿ ಕೆದಕಲು ಹೋಗಲಿಲ್ಲ. ಆ ಟೆಂಡರನ್ನೇ ನಂಬಿ ಅವಳ ತಂಗಿಯರಿಬ್ಬರೂ ಇದ್ದ ಕೆಲಸ ಬಿಟ್ಟು ಕಟ್ಟು ಹಾಕಲು ಬಂದಿದ್ದರು.

ಅಷ್ಟರಲ್ಲಿ ಸೋತವನು ದಾವೆ ಹೂಡಿದ: ಗೆದ್ದ ಪೊರಕೆಯ ಕಟ್ಟು ಸಡಿಲ, ಬಾಳಿಕೆ ಬಾರದು, ಟೆಂಡರ್ ರದ್ದಾಗಲಿ!

“ದಾವೆ ನಗರಸಭೆ ಆಫೀಸಿನ ಮೇಲೆ. ನನಗೇನು?” ಎಂದು ಚಕ್ರವರ್ತಿ ಕಾಲು ಚಾಚಿದ.

“ಟೆಂಡರ್ ಹೋದ್ರೆ ಆಫೀಸಿನೋರ ಸಂಬಳ ನಿಲ್ಲಲ್ಲ, ನಮ್ಮ ಒಲೆ ಆರುತ್ತೆ. ಏಳ್ರೀ ಮೇಲೆ!”

ಆಫೀಸಿನ ಪರ ವಾದಿಸಬೇಕಾದ ಸರ್ಕಾರಿ ವಕೀಲರು ಅವನನ್ನು ಕಂಡು ಉಸಿರುಬಿಟ್ಟರು. “ಬಂದ್ರಾ, ಸದ್ಯ! ಅರ್ಜಿ ಹಾಕಿ ನೀವೂ ಕೇಸಿಗೆ ಸೇರ್ಕೊಳ್ಳಿ. ಪೊರಕೆ ವಿಷಯ ನನಗೇನು ಗೊತ್ತು? ಮೊದಲು ಟೆಂಡರ್ ಜೊತೆ ನೀವು ಕೊಟ್ಟಿದ್ದ, ಸೀಲ್ ಮಾಡಿಟ್ಟ ಸ್ಯಾಂಪಲ್ ನೋಡೋಣ.”

ಆಫೀಸಿನ ಕಪಾಟು ತೆರೆದರು. ಒಳಗೆ ಒಡೆದ ಅರಗಿನ ಚೂರು ಬಿಟ್ಟರೆ ಏನೂ ಇಲ್ಲ. ವಕೀಲರು ಕಪಾಟಿನೊಳಗೆ ತಲೆಯನ್ನೇ ತೂರಿಸಿ ಹುಡುಕಿದರು. ಆಗಲೇ ವರಾಂಡದಿಂದ ಸರಸರ ಸದ್ದು ಕೇಳಿಸಿತು.

ಕಸ ಗುಡಿಸುವ ಅಜ್ಜಿಯ ಕೈಯಲ್ಲಿ ಸಾಕ್ಷಾತ್ ಸ್ಯಾಂಪಲ್ಲು! ಹಿಡಿಯಲ್ಲಿ ಟೆಂಡರಿನ ಚೀಟಿ ಇನ್ನೂ ಜೋತಾಡುತ್ತಿತ್ತು.

“ಅಜ್ಜೀ, ಅದು ಸಾಕ್ಷಿ!” ವಕೀಲರು ಕಿರುಚಿದರು.

“ಸಾಕ್ಷಿಯೋ ಗೀಕ್ಷಿಯೋ, ಎಷ್ಟೋ ತಿಂಗಳಿಂದ ಗುಡಿಸ್ತಿದೀನಪ್ಪ. ಒಂದು ಕಡ್ಡಿ ಉದುರಿಲ್ಲ. ಮುಂಚಿನವು ವಾರದೊಳಗೆ ಬೋಳಾಗ್ತಿದ್ವು.”

ವಕೀಲರು ತಲೆ ಹಿಡಿದುಕೊಂಡು ಕುಳಿತರು. ಚಕ್ರವರ್ತಿ ಮನೆಗೆ ಓಡಿದ. ಸ್ಯಾಂಪಲ್ಲಿಗೆ ಸೀಲ್ ಹಾಕುವಾಗ ಅದರ ಜೋಡಿಗೂ ಸೀಲ್ ಹಾಕಿ ತಂದವನಿಗೇ ಹಿಂತಿರುಗಿಸುವುದು ಆಫೀಸಿನ ವಾಡಿಕೆ. ಅದನ್ನೆಲ್ಲಿ ಎಸೆದೆನೋ ಎಂದು ಅವನು ಮನೆಯೆಲ್ಲ ತಡಕಾಡುವಾಗ ಹೆಂಡತಿ ತನ್ನ ಸೀರೆಗಳ ಅಡಿಯಿಂದ ಅದನ್ನು ಎತ್ತಿ ಕೊಟ್ಟಳು. ಸೀಲು ಅಲುಗಿರಲಿಲ್ಲ.

“ಹಳೇದನ್ನ ಮುಚ್ಚಿಡೋಣ,” ಎಂದರು ವಕೀಲರು ಆ ಜೋಡಿಯನ್ನು ಕಂಡು ಮೆಲ್ಲಗೆ.

“ಬೇಡಿ ಸಾರ್. ಕೋರ್ಟಿನ ಮುಂದೆ ಎರಡನ್ನೂ ಇಡಿ, ಅಜ್ಜೀನೂ ಕರೀರಿ. ಬಾಳಿಕೆ ಬರಲ್ಲ ಅಂತ ತಾನೇ ಅವರ ತಕರಾರು?”

ವಿಚಾರಣೆಯಲ್ಲಿ ನ್ಯಾಯಾಧೀಶರು ಎರಡನ್ನೂ ಜೋಡಿಸಿ ನೋಡಿ, ಸವೆದದ್ದರ ಕಟ್ಟನ್ನು ಜಗ್ಗಿದರು. ಎದುರಾಳಿಯ ವಕೀಲರೂ ಮುಖ ಕೆಂಪಾಗುವಂತೆ ಜಗ್ಗಿದರು. ಕಡ್ಡಿ ಕದಲಲಿಲ್ಲ. ಸೀಲ್ ಒಡೆದದ್ದಕ್ಕೆ ಆಫೀಸಿಗೆ ಛೀಮಾರಿ ಬಿತ್ತು, ಟೆಂಡರ್ ಉಳಿಯಿತು.

ಹೊರಗೆ ಅಜ್ಜಿ ಅಡ್ಡಗಟ್ಟಿದಳು. “ಗೆದ್ರಲ್ಲ, ನನ್ನ ಪೊರಕೆ ಕೊಡ್ರಪ್ಪ. ವರಾಂಡ ಹಾಗೇ ಬಿದ್ದಿದೆ.”

“ಅದು ಕೋರ್ಟಿನ ಪಾಲಾಯ್ತಜ್ಜಿ,” ಎಂದು ಚಕ್ರವರ್ತಿ ಹೊಸ ಪೊರಕೆಯೊಂದನ್ನು ಚಾಚಿದ.

ಸಾಮ್ರಾಜ್ಯದ ಮೊದಲ ಸರಬರಾಜು ಹೀಗೆ ಅಜ್ಜಿಯ ಕೈ ಸೇರಿತು. ಚಕ್ರವರ್ತಿಯ ಹೆಂಡತಿ ಅದರೊಂದಿಗೆ ಇನ್ನೊಂದನ್ನೂ ಇಟ್ಟಳು.

“ಎರಡಿವೆ ಅಜ್ಜಿ. ಇನ್ನು ಆ ಕಪಾಟಿಗೆ ಕೈ ಹಾಕ್ಬೇಡಿ!”