ಬಾಯಿಗೆ ಹಾಕದ ಹೋಳು

ಚಂದನಾ, ಮನೋಜ — ಶಾಲೆಯ ಮಕ್ಕಳು ವಾಂತಿ ಮಾಡಿಕೊಂಡ ದಿನ ನಾನು ಸೋರೆಕಾಯಿಯ ರುಚಿ ನೋಡಿರಲಿಲ್ಲ. ನೋಡಿದ್ದೆ ಎಂದು ಸುಳ್ಳು ಹೇಳಿದೆ. ನಿಮ್ಮಪ್ಪನಿಗೂ ಇದು ಗೊತ್ತಿಲ್ಲ.

ನಿಮ್ಮ ತಾತ ಹೋದ ಮೇಲೆ ಬಿಸಿಯೂಟದ ಅಡುಗೆಗೆ ಸೇರಿದೆ. ನೀರು ತರಲು, ಪಾತ್ರೆ ತೊಳೆಯಲು ಕಾಲೋನಿಯ ಪುಟ್ಟಮ್ಮ ಇದ್ದಳು. ಶಾಲೆಯ ಹಿಂದೆ ತೆಂಗಿನ ಗರಿಯ ಬೇಲಿ ಕಟ್ಟಿ ಮಕ್ಕಳಿಂದ ಕೈತೋಟ ಮಾಡಿಸಿದವಳು ಅವಳೇ; ಸೋರೆ ಬೀಜವೂ ಅವಳ ಮನೆಯದೇ. ಮಕ್ಕಳು ತಟ್ಟೆ ತೊಳೆದ ನೀರನ್ನು ಬಳ್ಳಿಯ ಬುಡಕ್ಕೆ ಹಾಕುತ್ತಿದ್ದರು. ಬರಿಹೊಟ್ಟೆಯಲ್ಲಿ ಬರುವವರೇ ಹೆಚ್ಚು — ಸಾಂಬಾರಿಗೆ ತೋಟದ ಕಾಯಿ ಬಿದ್ದ ದಿನ ಮತ್ತೆ ಮತ್ತೆ ತಟ್ಟೆ ಒಡ್ಡುತ್ತಿದ್ದರು.

ಸೋರೆಕಾಯಿ ಒಮ್ಮೊಮ್ಮೆ ಕಹಿ ಇರುತ್ತದೆ. ಆ ಕಹಿ ವಿಷ. ಹೆಚ್ಚುವಾಗ ಒಂದು ಹಸಿ ಹೋಳು ಬಾಯಿಗೆ ಹಾಕಿ ನೋಡಬೇಕು. ಅಂದು ಕಾರ್ತಿಕ ಸೋಮವಾರ. ನಿಮ್ಮಪ್ಪ ಪಾಸಾಗಲೆಂದು ಉಪವಾಸ ಹಿಡಿದಿದ್ದೆ; ಸಂಜೆ ಪೂಜೆಯವರೆಗೆ ಏನನ್ನೂ ಬಾಯಿಗೆ ಹಾಕುವಂತಿರಲಿಲ್ಲ. ಪುಟ್ಟಮ್ಮನಿಗೆ ಕೊಟ್ಟು ನೋಡಿಸಬಹುದಿತ್ತು. ಆದರೆ ಅವಳು ಒಳಗೆ ಬಂದು ಹೆಚ್ಚಿದ್ದನ್ನು ಮುಟ್ಟುವುದು — ಅದಕ್ಕೂ ನನ್ನ ಮನಸ್ಸು ಒಪ್ಪಲಿಲ್ಲ. ಅದನ್ನೂ ಬರೆದೇಬಿಡುತ್ತೇನೆ.

"ಕಹಿ ಐತೆ ಕಣಮ್ಮೋ," ಎಂದಳು ಒಬ್ಬ ಹುಡುಗಿ.

"ಸುಮ್ನೆ ಉಣ್ಣೇ. ನಿಮ್ದೇ ತೋಟದ ಕಾಯಿ, ನಿಮ್ಗೇ ಕಹಿಯಾ?" ಎಂದು ಇನ್ನೊಂದು ಸೌಟು ಬಡಿಸಿದವಳು ನಾನೇ.

ಸಂಜೆಯ ಹೊತ್ತಿಗೆ ವಾಂತಿ ನಿಂತು ಮಕ್ಕಳೆಲ್ಲ ಸುಧಾರಿಸಿಕೊಂಡರು. ಊರವರ ಮುಂದೆ ಮೇಷ್ಟ್ರು ಕೇಳಿದರು: "ಹೋಳು ಬಾಯಿಗೆ ಹಾಕ್ಕಂಡು ನೋಡಿದ್ರೇನಮ್ಮ?"

ಈ ಕೆಲಸವೂ ಹೋದರೆ —

"ನೋಡಿದ್ದೆ ಸಾ. ಚೆನ್ನಾಗಿತ್ತು."

ಕಾಯಿ ಚೆನ್ನಾಗಿತ್ತೆಂದರೆ ಆಮೇಲೆ ಪಾತ್ರೆಗೆ ಏನೋ ಬಿದ್ದಿರಬೇಕು. ನೀರು ತಂದವಳು, ಪಾತ್ರೆ ತೊಳೆದವಳು ಯಾರು? ಎಲ್ಲರೂ ಪುಟ್ಟಮ್ಮನ ಕಡೆ ತಿರುಗಿದರು. ಸುಳ್ಳು ಹೇಳುವಾಗ ಇದು ನನಗೆ ಹೊಳೆದಿರಲಿಲ್ಲ. ಹೊಳೆದ ಮೇಲೂ ಬಾಯಿ ಬಿಡಲಿಲ್ಲ.

"ಅಕ್ಕ ನೋಡಿದೀನಿ ಅಂದ್ಮೇಲೆ ನೋಡಿರ್ತಾರೆ ಬುಡಿ ಸಾ," ಎಂದಳು ಅವಳು. "ಆದ್ರೆ ನಾನೇನೂ ಹಾಕಿಲ್ಲ."

ಅವಳನ್ನು ಕೆಲಸದಿಂದ ಬಿಡಿಸಿದರು. ಅವಳು ಮಾಡಿಸಿದ್ದೆಂದು ತೋಟವನ್ನೂ ಬುಡಸಮೇತ ಕಿತ್ತರು. ಮಕ್ಕಳಿಗೆ ಮತ್ತೆ ಬೇಳೆ ಹುಡುಕಬೇಕಾದ ನೀರುಸಾರು. ಬಡಿಸುತ್ತಿದ್ದವಳು ನಾನು.

ಆಮೇಲೆ ಎಲ್ಲರೆದುರು ಹೋಳು ಬಾಯಿಗೆ ಹಾಕಿಯೇ ಹೆಚ್ಚತೊಡಗಿದೆ. "ಅಡುಗೆಯಮ್ಮ ಅಂದ್ರೆ ಇವ್ರು ಕಣಪ್ಪ," ಎಂದು ಹೊಗಳಿದರು. ಹೊಗಳಿದಷ್ಟೂ ಹೇಳುವ ದಾರಿ ಮುಚ್ಚುತ್ತಾ ಬಂತು. ಈಗ ನೀವೂ ಸೌತೆಕಾಯಿಯ ತುದಿಯನ್ನು ನಾಲಿಗೆಗೆ ಮುಟ್ಟಿಸಿ "ಅಜ್ಜಿ ಕಲಿಸಿದ್ದು" ಎನ್ನುತ್ತೀರಿ. ಅದನ್ನು ಕೇಳಿದಾಗಲೆಲ್ಲ ನಾನು —

ಪುಟ್ಟಮ್ಮ ಈಗ ಬಿಳಿಗೆರೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಒಮ್ಮೆ ತಿಪಟೂರಿನ ಬಸ್ಸಿನಲ್ಲಿ ಸಿಕ್ಕಿದ್ದಳು. "ಚೆನ್ನಾಗಿದೀರಾ ಅಕ್ಕ?" ಎಂದು ಎದ್ದು ಸೀಟು ಬಿಟ್ಟುಕೊಟ್ಟಳು. ನಾನು ಕೂತೆ. ಇಳಿಯುವವರೆಗೂ ಅವಳು ನಿಂತೇ ಇದ್ದಳು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ.

ಬರುವ ಸೋಮವಾರ ಬಿಳಿಗೆರೆಗೆ ಹೊರಡುತ್ತೇನೆ, ಉಂಡೇ ಹೊರಡುತ್ತೇನೆ. ಅಲ್ಲಿ ನನಗೆ ಮಾತು ಹೊರಡುತ್ತದೋ ಇಲ್ಲವೋ. ಮಾತು ಹೊರಡದಿದ್ದರೆ ಅವಳಿಗೆ, ಅವಳಿಲ್ಲದಿದ್ದರೆ ಅವಳ ಮಗಳಿಗೆ, ನೀವೇ ಇದನ್ನು ಓದಿ ಹೇಳಬೇಕು. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.