ಹಂದಿ ಮುಟ್ಟದವರ ರಕ್ತಪರೀಕ್ಷೆ

ಸ್ವಲ್ಪ ತಾಳಿ, ಬೇರೆ ಪುಟಕ್ಕೆ ಹೋಗುವ ಮೊದಲು ನಮ್ಮ ಲ್ಯಾಬ್ ಅಕ್ಕನ ಹೆಬ್ಬೆರಳನ್ನು ನೋಡಿಬಿಡಿ. ಬಲಗೈ ಹೆಬ್ಬೆರಳಿನ ತುದಿಯಲ್ಲಿ ಹುಣಿಸೆಬೀಜದಂತೆ ಗಟ್ಟಿಯಾಗಿ ಹೊಳೆಯುವ ಚರ್ಮ. ಹನಿ ಹನಿಯಾಗಿ ರಕ್ತದ ನೀರು ಅಳೆಯುವ ಪಿಪೆಟ್ಟನ್ನು ಇಪ್ಪತ್ತು ವರ್ಷ ಒತ್ತಿ ಒತ್ತಿ ಆದದ್ದು. ಮುಟ್ಟಿ ನೋಡಿದರೆ ಬೈಯುತ್ತಿರಲಿಲ್ಲ. "ರಾಗಿ ಬೀಸೋರಿಗೆ ಅಂಗೈಲಿ ಆಗಲ್ವಾ, ಅದೇ ಕಣೇ" ಅನ್ನುತ್ತಿದ್ದರು.

ಜಪಾನಿನ ಕಾಶಿವಾ ಊರಿನಲ್ಲಿ ನಮ್ಮದು ಎರಡನೇ ಮಹಡಿ, ಅವರದು ಮೂರನೆಯದು. ಮನುಷ್ಯರ ರಕ್ತದಲ್ಲಿ ಹುಳಗಳ ಸುಳಿವು ಹುಡುಕುವ ಲ್ಯಾಬಿನಲ್ಲಿ ಅವರ ಕೆಲಸ. ಅದೂ ವರ್ಷ ವರ್ಷ ನವೀಕರಿಸಿಕೊಳ್ಳಬೇಕಾದ ಗುತ್ತಿಗೆ. ಸಂಜೆ ಬಂದವರು ನಮ್ಮ ಬಾಗಿಲ ಪಕ್ಕದ ಮೆಟ್ಟಿಲ ಮೇಲೆ, ಕೊಂಬಿನಿ ಅಂಗಡಿಯ ಮೊಸರಿನ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತುಬಿಡುತ್ತಿದ್ದರು. ಇನ್ನೊಂದು ಮಹಡಿ ಹತ್ತುವ ಶಕ್ತಿ ಬರುವವರೆಗೆ ನನಗೆ ಪಾಠ. ನಾನು ಓದಿದ್ದು ಬಿ.ಕಾಂ. ರಕ್ತ, ಹುಳ, ಪರೀಕ್ಷೆ ಎಲ್ಲವನ್ನೂ ಫೋನಿನಲ್ಲಿ ಓದಿ ಓದಿ ಕಲಿತವಳು, ಜಪಾನಿ ಭಾಷೆಯನ್ನೂ ಹಾಗೇ. "ನೀನು ಪ್ರಶ್ನೆ ನಿಲ್ಸಲ್ಲ, ನಾನು ಇಲ್ಲಿಂದ ಏಳಲ್ಲ" ಎಂದು ಕಣ್ಣು ಮುಚ್ಚಿಕೊಂಡೇ ಉತ್ತರಿಸುತ್ತಿದ್ದರು.

ಒಂದು ಬೆಳಿಗ್ಗೆ ನನ್ನ ಗಂಡ ರೈಲು ನಿಲ್ದಾಣದಲ್ಲಿ ಫಿಟ್ಸ್ ಬಂದು ಬಿದ್ದ. ಸ್ಕ್ಯಾನಿನಲ್ಲಿ ಮೆದುಳಿನೊಳಗೆ ಕಡಲೆಕಾಳಿನಷ್ಟು ಗಂಟು ಕಂಡಿತು. ಹಂದಿಮಾಂಸ ಸರಿಯಾಗಿ ಬೇಯಿಸದೆ ತಿಂದದ್ದುಂಟೇ ಎಂದು ಡಾಕ್ಟರು ಕೇಳಿದರು. ನಾನು ಎದೆಯುಬ್ಬಿಸಿ ಹೇಳಿದೆ: "ಇಲ್ಲ ಸೆನ್ಸೇ, ನಮ್ಮ ವಂಶದಲ್ಲೇ ಯಾರೂ ಮಾಂಸ ಮುಟ್ಟಿಲ್ಲ." ಅವರು ಹಾಳೆಯಲ್ಲಿ ಹುಳ ಎಂದಿದ್ದನ್ನು ಗೆರೆ ಎಳೆದು ಹೊಡೆದುಹಾಕಿದರು. ಹಾಗಾದರೆ ಇದು ಗಡ್ಡೆಯಿರಬಹುದು, ಮುಂದಿನ ಮಂಗಳವಾರ ತಲೆಬುರುಡೆ ತೆರೆದು ಚೂರು ತೆಗೆದು ನೋಡೋಣ ಎಂದರು.

ಸಂಜೆ ಮೆಟ್ಟಿಲ ಮೇಲೆ ಇದನ್ನೆಲ್ಲ ಹೇಳಿ ಅತ್ತುಬಿಟ್ಟೆ. ಅಕ್ಕ ಹಣೆ ಚಚ್ಚಿಕೊಂಡರು.

"ಅಯ್ಯೋ ಪೆದ್ದೀ, ಅದನ್ನ ಅಷ್ಟು ಜಂಬದಿಂದ ಹೇಳ್ಕೊಂಡ್ಯಾ?"

"ನಿಜ ತಾನೇ ಅಕ್ಕ?"

"ಹಂದಿ ತಿಂದವನ ಹೊಟ್ಟೇಲಿ ಲಾಡಿಹುಳ ಬೆಳೆಯುತ್ತೆ. ಅವನು ಊರ ಹೋಟ್ಲಲ್ಲಿ ಕೈ ತೊಳೀದೆ ನಿನ್ನ ಗಂಡಂಗೆ ಚಟ್ನಿ ಹಾಕಿಕೊಟ್ರೆ ಹುಳದ ಮೊಟ್ಟೆ ಇವನ ಹೊಟ್ಟೆಗೆ. ಅಲ್ಲಿಂದ ತಲೆಗೆ ಹೋಗಿ ಗುಳ್ಳೆ ಕಟ್ಟುತ್ತೆ. ನಿನ್ನ ವಂಶ ಯಾವ್ದು ಅಂತ ಹುಳ ಕೇಳುತ್ತೇನೇ?"

ಮರುದಿನ ರಜೆ ಹಾಕಿ ಆಸ್ಪತ್ರೆಗೆ ಬಂದರು. ಅವರ ಮಾತಿಗೆ ಡಾಕ್ಟರು ಹುಳದ ಪರೀಕ್ಷೆಗೆ ರಕ್ತ ಕಳಿಸಿದರು. ಸೋಮವಾರ ಬಂದ ಉತ್ತರ ನೆಗೆಟಿವ್. ಹುಳವಲ್ಲ, ನಾಳೆ ಆಪರೇಷನ್ ಎಂದರು ಡಾಕ್ಟರು. ನಾನು ಕಾರಿಡಾರಿನ ನೆಲದ ಮೇಲೆ ಕೂತುಬಿಟ್ಟೆ. ಅಂದೂ ರಜೆ ಹಾಕಿದ್ದ ಅಕ್ಕ ಗೋಡೆಗೊರಗಿ ನಿಂತಿದ್ದರು. ಮುಖ ಬೂದಿಯ ಬಣ್ಣ.

"ನೆಗೆಟಿವ್ ಅಂದ್ರೆ ಇಲ್ಲ ಅಂತಲ್ಲ ಕಣೇ, ಸಿಗ್ಲಿಲ್ಲ ಅಂತ. ಒಂದೇ ಗುಳ್ಳೆ ಇದ್ರೆ ರಕ್ತದಲ್ಲಿ ಸುಳಿವು ತುಂಬಾ ಕಮ್ಮಿ. ಏಳು, ಇನ್ನೊಂದ್ಸಲ ಕೇಳೋಣ."

ಆಮೇಲೆ ನಡೆದದ್ದು ಬರೀ ಸುಮಿಮಾಸೆನ್, ಅಂದರೆ ಕ್ಷಮಿಸಿ. ಬಗ್ಗಿ ಒಂದು, ಕೂತು ಒಂದು, ಎದ್ದು ಮತ್ತೊಂದು. ಅದೇ ರಕ್ತವನ್ನು ಬೇರೆ ಲ್ಯಾಬಿಗೆ, ಹುಳದ ಸುಳಿವಿದ್ದರೆ ಕಾಗದದ ಪಟ್ಟಿಯ ಮೇಲೆ ಗೆರೆ ಮೂಡುವ ಪರೀಕ್ಷೆಗೆ ಕಳಿಸಬಹುದೇ, ಅಷ್ಟು ದಿನ ಆಪರೇಷನ್ ಮುಂದೂಡಬಹುದೇ ಎಂದು ಅಕ್ಕ ಕೇಳಿದರು. ಹಾಸಿಗೆಯಲ್ಲಿದ್ದ ನನ್ನ ಗಂಡ ಪಿಸುಗುಟ್ಟಿದ: "ತಲೆ ನಂದು, ತಪ್ಪು ನನ್ನ ಹೆಂಡ್ತೀದು, ಕ್ಷಮೆ ಕೇಳ್ತಿರೋದು ಮಾತ್ರ ಪಾಪ ನೀವು." ಅಕ್ಕ ಮತ್ತೊಮ್ಮೆ ಬಗ್ಗಿದರು. ಡಾಕ್ಟರು ಬಹಳ ಹೊತ್ತು ಸ್ಕ್ಯಾನ್ ನೋಡಿ, ಫಿಟ್ಸ್ ಮತ್ತೆ ಬರದಿದ್ದರೆ ಒಂದು ವಾರ ಕಾಯಬಹುದು ಎಂದರು.

ಆ ವಾರ ನಾನು ನಿದ್ದೆ ಮಾಡಿದ ನೆನಪಿಲ್ಲ. ಕೊನೆಗೆ ಪಟ್ಟಿಯ ಮೇಲೆ ಗೆರೆ ಮೂಡಿತ್ತು, ಸೋತ ಕೈ ಪೆನ್ಸಿಲ್ಲಿನಲ್ಲಿ ಎಳೆದಂತೆ ತೆಳ್ಳಗೆ. ಅದನ್ನು ಸ್ಕ್ಯಾನಿನ ಜೊತೆಗಿಟ್ಟು ನೋಡಿದ ಡಾಕ್ಟರು ಆಪರೇಷನ್ ಕೈಬಿಟ್ಟು ಮಾತ್ರೆ ಬರೆದರು. ಅಕ್ಕನಿಗೆ ತಲೆಬಾಗಿದರು. ಅಕ್ಕ ಅಂದದ್ದಿಷ್ಟೇ: "ಇನ್ನು ಮನೆಗ್ಹೋಗಿ ಮಲ್ಕೋತೀನಿ ಕಣೇ." ರೈಲಿನಲ್ಲಿ ನನ್ನ ಭುಜಕ್ಕೊರಗಿ ಮಲಗಿದವರನ್ನು ನಮ್ಮ ನಿಲ್ದಾಣ ಬಂದರೂ ಎಬ್ಬಿಸಲು ಮನಸ್ಸಾಗದೆ ಎರಡು ನಿಲ್ದಾಣ ಮುಂದೆ ಹೋಗಿ ವಾಪಸು ಬಂದೆವು.

ಮಾರ್ಚಿನಲ್ಲಿ ಅವರ ಗುತ್ತಿಗೆ ಮುಗಿಯಿತು. ಯಾರೂ ನವೀಕರಿಸಲಿಲ್ಲ. ಎರಡು ಪೆಟ್ಟಿಗೆ ಹಿಡಿದು ಒಸಾಕಾಗೆ ಹೋದರು, ಮತ್ತೊಂದು ಲ್ಯಾಬಿಗೆ, ಮತ್ತೊಂದು ವರ್ಷಕ್ಕೆ. ನಾನು ಉದ್ದುದ್ದ ಮೆಸೇಜು ಕಳಿಸುತ್ತೇನೆ, ವಾರ ಬಿಟ್ಟು "ಸುಸ್ತು ಕಣೇ, ಚೆನ್ನಾಗಿದ್ದೀನಿ" ಎಂದು ಬರುತ್ತದೆ.

ಗಂಡನ ಗುಳ್ಳೆ ಒಣಗಿ ಸುಣ್ಣದ ಚುಕ್ಕೆಯಾಗಿದೆ. ಈ ಋಣ ತೀರಿಸುವ ದಾರಿ ನನಗೆ ತಿಳಿದಿಲ್ಲ. ಊರಿನಿಂದ ಹೊಸದಾಗಿ ಬಂದವರು ಆಸ್ಪತ್ರೆಗೆ ಹೋಗುವಾಗ ಮಾತು ದಾಟಿಸಲು ಜೊತೆಗೆ ಹೋಗುತ್ತೇನೆ, ಅಷ್ಟೇ. ಅವರು "ನಾವು ಪ್ಯೂರ್ ವೆಜ್" ಅಂದರೆ ಅದನ್ನೂ ಹೇಳಿ, ಹೊರಗಿನ ಚಟ್ನಿ ತಿಂದಿದ್ದಾರೆ ಎಂದೂ ಸೇರಿಸುತ್ತೇನೆ.

ನಿಮ್ಮಲ್ಲೂ ಯಾರಾದರೂ ಡಾಕ್ಟರ ಮುಂದೆ ಜಂಬದಿಂದ ಒಂದು ಉತ್ತರ ಕೊಟ್ಟು, ಆಗಬೇಕಾದ ಪರೀಕ್ಷೆ ತಪ್ಪಿಸಿಕೊಂಡಿದ್ದೀರಾ? ನಾಚಿಕೆಪಡದೆ ಬರೆದು ಕಳಿಸಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ನನಗೆ ಬೇಕಾಗುತ್ತದೆ.